ನಾಮದೇವ ಮಾವನ ಗಾಡಿಯ ಸೀಟಿ

ನಮ್ಮ ಮಾವ ನಾಮದೇವ ಗಾಡಿಯ ಹಾರ್ನ್ ಒತ್ತುವುದಿಲ್ಲ. ಕಬ್ಬೂರಿನ ಸಂತೆಯ ದಿನ ರಸ್ತೆ ತುಂಬ ಜನ, ಎಮ್ಮೆ, ಸೈಕಲ್ಲು, ಕಬ್ಬಿನ ಟ್ರ್ಯಾಕ್ಟರ್ ಇದ್ದರೂ ಅಷ್ಟೇ. ಕಿಟಕಿಯಿಂದ ತಲೆ ಹೊರಗೆ ಹಾಕಿ "ಸರೀರೆಪ್ಪಾ, ಸ್ವಲ್ಪ ಸರೀರಿ" ಎನ್ನುತ್ತಾರೆ. ಹಿಂದೆ ಕುರಿಗಳಿರುತ್ತವೆ, ಹಾರ್ನ್ ಕೇಳಿದರೆ ಬೆದರಿ ಒಂದೇ ಮೂಲೆಗೆ ನುಗ್ಗಿ ಒಂದರ ಮೇಲೊಂದು ಬೀಳುತ್ತವೆ ಎನ್ನುವುದು ಅವರ ಕಾರಣ. ಆದರೆ ಗಾಡಿ ಖಾಲಿ ಇದ್ದಾಗಲೂ ಒತ್ತುವುದಿಲ್ಲ. ಯಾಕೆ ಎಂದರೆ, "ರೂಢಿ ಕೆಡ್ತೈತಿ" ಎನ್ನುತ್ತಾರೆ.

ಅವರು ಹುಟ್ಟಿದ್ದು ಮನೆಯಲ್ಲಲ್ಲ. ಅಥಣಿ ಕಡೆ ಅನಂತಪುರದ ಒಂದು ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ಕೂಡ್ರಿಸಿದ್ದಾಗ, ಬಲೆಯ ಬೇಲಿಯ ಪಕ್ಕದಲ್ಲಿ ಹುಟ್ಟಿದರಂತೆ. ತಲೆಗೂದಲು ನರೆಯುವವರೆಗೆ ಕುರಿಯ ಹಿಂದೆಯೇ ನಡೆದರು. ಕಾಗವಾಡ, ಐನಾಪುರದ ಹೊಳೆದಂಡೆ, ರಾಯಬಾಗದ ಕಬ್ಬು ಕಡಿದ ಹೊಲಗಳು, ನಿಪ್ಪಾಣಿಯ ತಂಬಾಕಿನ ಹೊಲಗಳು, ಎಲ್ಲವನ್ನೂ ಅವರು ಕಾಲಿನಿಂದ ಬಲ್ಲರು. ಆಮೇಲೆ ನೀರಾವರಿ ಬಂದು ಎಲ್ಲೆಲ್ಲೂ ಕಬ್ಬು ನಿಂತಿತು. ಕುರಿ ನಡೆಯುವ ದಾರಿಗಳು ಹೊಲಗಳ ಒಳಗೆ ಸೇರಿಹೋದವು. ಹಿಂಡಿಗೆ ನಡೆದು ಹೋಗಲು ಆಗದ ಕಡೆ ಗಾಡಿ ಬೇಕಾಯಿತು. ಮಾವ ಇದನ್ನು ಬೇರೆಯವರಿಗಿಂತ ಮೊದಲು ನೋಡಿದರು. ತಮ್ಮ ಹಿಂಡನ್ನು ಮಾರಿ ಒಂದು ಹಳೆಯ ಪಿಕಪ್ ತೆಗೆದುಕೊಂಡರು. ಅಂದಿನಿಂದ ಅವರ ಕೆಲಸ ಇದೇ: ಮರಿ ಹಾಕಿದ ಕುರಿಗಳು, ನಡೆಯಲಾಗದ ಮರಿಗಳು, ಬಲೆ, ಕಂಬಳಿ, ಪಾತ್ರೆ, ಇವನ್ನೆಲ್ಲ ಒಂದು ಹೊಲದಿಂದ ಇನ್ನೊಂದು ಹೊಲಕ್ಕೆ ಮುಟ್ಟಿಸುವುದು.

ಗಾಡಿಗೆ ಅವರು 'ಆಕಿ' ಎನ್ನುತ್ತಾರೆ. ಬೆಳಿಗ್ಗೆ ಚಾಲೂ ಮಾಡುವ ಮೊದಲು ಬಾನೆಟ್ಟಿನ ಮೇಲೆ ಎರಡು ಸಲ ಕೈಯಾಡಿಸುತ್ತಾರೆ, ಕುರಿಯ ಬೆನ್ನಿನ ಮೇಲೆ ಆಡಿಸಿದ ಹಾಗೆ. ನಮ್ಮ ಅತ್ತೆ ದುಂಡವ್ವ ಇದನ್ನು ನೋಡಿದಾಗಲೆಲ್ಲ, "ಲಗ್ನಾ ಆದಾಗಿಂದ ನನ್ನ ಬೆನ್ನಿಗೆ ಒಮ್ಮೆರೆ ಹಂಗ ಕೈ ಆಡ್ಸೀರೇನ?" ಎಂದು ಕೇಳುತ್ತಾರೆ. ಮಾವ ಗಾಡಿ ಚಾಲೂ ಮಾಡುತ್ತಾರೆ.

ಅವರ ಬಲಗಾಲಿನ ಮೊಣಕಾಲಿಗೆ ಹಿಂದಿನ ವರ್ಷ ಒಂದು ಟಗರು ಹಾದಿತ್ತು. ಎಲುಬು ಮುರಿಯಲಿಲ್ಲ. ಬಾವು ಇಳಿಯಿತು, ಕುಂಟು ಉಳಿಯಿತು. ಕುಂಟು ಇಲ್ಲ ಎಂದು ಅವರು ಹೇಳುತ್ತಾರೆ.

ಈಗ ಇಂಟರ್‌ಕೂಲರಿನ ಮಾತು. ಗಾಡಿಯ ಟರ್ಬೊ ಎಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಣ್ಣ ಚಕ್ರ. ಹಾಗೆ ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿ ಗಾಳಿಯಿಂದ ಎಂಜಿನ್ನಿನ ಹೊಟ್ಟೆ ತುಂಬುವುದಿಲ್ಲ. ಅದನ್ನು ಆರಿಸಿ ಕಳಿಸುವ ಜಾಲಿಯ ಪೆಟ್ಟಿಗೆಯೇ ಇಂಟರ್‌ಕೂಲರ್. ನನ್ನ ಮಗಳು ಕಾಜಲಳಿಗೆ ಕುದಿದ ಹಾಲನ್ನು ಅಗಲ ತಟ್ಟೆಯಂಥ ಪರಾತಕ್ಕೆ ಸುರಿದು ಆರಿಸುತ್ತೇನೆ, ಅದೇ ಕೆಲಸ. ಪರಾತ ದೊಡ್ಡದಿದ್ದಷ್ಟೂ ಹಾಲು ಬೇಗ ಆರುತ್ತದೆ.

ಬೇಸಿಗೆಯಲ್ಲಿ ಲೋಡ್ ಹಾಕಿಕೊಂಡು ಏರು ಹತ್ತುವಾಗ ಗಾಡಿ ಕೊಂಚ ಮೆತ್ತಗಾಗುತ್ತದೆ ಎಂದು ಮಾವನಿಗೆ ಅನಿಸತೊಡಗಿತ್ತು. ಐನಾಪುರದಲ್ಲಿ ದ್ರಾಕ್ಷಿ ಒಯ್ಯುವ ಒಂದು ಪಿಕಪ್ಪಿಗೆ ದೊಡ್ಡ ಇಂಟರ್‌ಕೂಲರ್ ಹಾಕಿದ್ದನ್ನು ಅವರು ನೋಡಿಬಂದರು. ಮಾರನೆಯ ವಾರ ಮಿರಜಕ್ಕೆ ಹೋಗಿ ಅಂಥದ್ದೇ ಒಂದನ್ನು ತಂದರು. ಅದು ಗಾಡಿಯ ಕಂಪನಿಯವರು ಮಾಡಿದ್ದಲ್ಲ, ಹೊರಗೆ ತಯಾರಾದ ಮಾಲು. ಯಾವ ಗಾಡಿಗಾದರೂ ಹೊಂದಿಸಿಕೊಳ್ಳಬಹುದು ಎಂದು ಅಂಗಡಿಯವನು ಹೇಳಿದ್ದನಂತೆ. ಹೊಂದಿಸಿಕೊಳ್ಳುವ ಕೆಲಸ ನಮ್ಮ ಮನೆಯ ಮುಂದೆಯೇ ನಡೆಯಿತು.

"ಇದೇನ ತಂದೀರಿ? ಜ್ವಾಳಾ ಸ್ವಾಸೂ ಜರಡಿ ಏನ?" ಅತ್ತೆ ಕೇಳಿದರು.

"ಇದು ಗಾಡಿದ ಮೂಗ. ಆಕಿಗೊಂದ ದೊಡ್ಡ ಮೂಗ ಹಾಕಾಕತ್ತೇನಿ."

"ಮನ್ಯಾಗ ನಿಮ್ಮದೊಂದ ದೊಡ್ಡ ಮೂಗ ಇದ್ದದ್ದ ಸಾಲಲಿಲ್ಲೇನ?"

ಮಾವ ಮಧ್ಯಾಹ್ನವೆಲ್ಲ ಗಾಡಿಯ ಕೆಳಗೆ ಮಲಗಿ ನಟ್ಟುಗಳಿಗೆ ಪಾನಾ ಹಾಕಿ ತಿರುಗಿಸಿದರು. ಒಂದೆರಡು ಸಲ ಒಳಗೆ ಬಂದು ಏನೋ ಹುಡುಕಿಕೊಂಡು ಹೋದರು. ಸಂಜೆಗೆ ಕೆಲಸ ಮುಗಿಯಿತು. ಗಾಡಿ ಚಾಲೂ ಮಾಡಿ ಊರ ಹೊರಗೆ ಹೋಗಿ ಬಂದರು. ಬರುವಾಗ ಗಾಡಿ ಸೀಟಿ ಹೊಡೆಯುತ್ತಿತ್ತು.

ಟರ್ಬೊ ಇರುವ ಎಲ್ಲ ಗಾಡಿಗಳಲ್ಲೂ ಸಣ್ಣ ಸದ್ದು ಇರುತ್ತದೆ. ಇದು ಸಣ್ಣದಲ್ಲ. ಎಕ್ಸಲೇಟರ್ ತುಳಿದಂತೆ ಏರುವ, ನಿಧಾನವಾದ, ಉದ್ದನೆಯ ಸೀಟಿ. ಕುರಿ ಕಾಯುವವರಲ್ಲಿ ಅಂಥ ಸೀಟಿಗೆ ಒಂದು ಅರ್ಥವಿದೆ. ಹಿಂಡು ನೀರಿಗೆ ಬಾಯಿ ಹಾಕಿದಾಗ ಕಾಯುವವನು ದಂಡೆಯ ಮೇಲೆ ನಿಂತು ಹಾಗೆ ಸೀಟಿ ಹೊಡೆಯುತ್ತಾನೆ. ಎಲ್ಲ ಸರಿ ಇದೆ, ಗಾಬರಿ ಬೇಡ, ಹೊಟ್ಟೆ ತುಂಬ ಕುಡಿಯಿರಿ ಎಂದು. ಮಾವನ ಕಿವಿಗೆ ಬಿದ್ದದ್ದು ಆ ಸೀಟಿ.

"ಕೇಳಿದೇನ ಕೋಮಲಾ? ಆಕಿ ಹೊಟ್ಟಿ ತುಂಬ ಗಾಳಿ ಕುಡ್ಯಾಕತ್ತಾಳ" ಎಂದರು ನನಗೆ.

ಸ್ವಲ್ಪ ದಿನದಲ್ಲಿ ಕಬ್ಬೂರಿನ ಜನ ಆ ಸದ್ದಿನಿಂದಲೇ ಅವರನ್ನು ಗುರುತಿಸತೊಡಗಿದರು. 'ನಾಮದೇವನ ಸೀಟಿ ಬಂತು' ಎನ್ನುತ್ತಿದ್ದರು. ಕಾಜಲಳಿಗೆ ಆಗಷ್ಟೇ ಮಾತು ಬರುತ್ತಿತ್ತು. ಊಟ ಮಾಡಿಸುವಾಗ ದೂರದಲ್ಲಿ ಸೀಟಿ ಕೇಳಿದರೆ ತುತ್ತು ಬಾಯಲ್ಲೇ ಇಟ್ಟುಕೊಂಡು "ಅಜ್ಜಾ" ಎನ್ನುತ್ತಿದ್ದಳು. ಸೀಟಿ ದಿನದಿಂದ ದಿನಕ್ಕೆ ಜೋರಾಯಿತು. ಶಕ್ತಿ ಏರುತ್ತಿದೆ ಎಂದು ಮಾವ ಎಣಿಸಿದರು.

ಹಿಂಗಾರಿ ಶುರುವಿಗೆ ಅನಂತಪುರದ ಮಲಕಾರಿ ತನ್ನ ಹಿಂಡನ್ನು ನಿಪ್ಪಾಣಿಯ ಕಡೆಗೆ ತಂದಿದ್ದ. ಮಲಕಾರಿ ಮಾವನ ಜೊತೆ ಚಿಕ್ಕಂದಿನಿಂದ ಕುರಿ ಕಾಯ್ದವನು. ಗೊಬ್ಬರಕ್ಕೆ ತಂಬಾಕಿನ ಹೊಲಗಳಲ್ಲಿ ಕುರಿ ಕೂಡ್ರಿಸುವುದು ಮುಗಿದ ಮೇಲೆ ತವಂದಿ ಘಾಟಿನ ಮೇಲಿನ ಹೊಲಗಳಿಗೆ ಹೋಗಬೇಕು. ಗಟ್ಟಿಮುಟ್ಟಾದ ಕುರಿಗಳು ಒಳದಾರಿಯಿಂದ ನಡೆದು ಹೋಗುತ್ತವೆ. ಗಬ್ಬದ ಕುರಿಗಳನ್ನು ಮಾವನ ಗಾಡಿ ಎರಡು ಸಲಕ್ಕೆ ಏರಿಸಬೇಕು.

ಗಾಡಿ ಘಾಟಿನ ಅರ್ಧಕ್ಕೆ ಬಂದಾಗ ಕರಿ ಹೊಗೆ ಉಗುಳತೊಡಗಿತು. ಮೂರನೇ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಇಳಿಯಿತು. ಹಿಂದಿನ ಲಾರಿಗಳು ಹಾರ್ನ್ ಹೊಡೆದವು, ಒಳಗಿದ್ದ ಕುರಿಗಳು ಬೆದರಿದವು. ಕೊನೆಗೆ ಗಾಡಿ ನಿಂತೇಬಿಟ್ಟಿತು. ಮಾವ ಗಾಡಿಯನ್ನು ಬದಿಗೆ ಹಾಕಿ, ಹಲಗೆ ಇಳಿಬಿಟ್ಟು, ಕುರಿಗಳನ್ನೆಲ್ಲ ಹೆದ್ದಾರಿಯ ಅಂಚಿಗೆ ಇಳಿಸಿದರು. ಗಾಡಿಯಲ್ಲೇ ಬಂದಿದ್ದ ಮಲಕಾರಿ ಅವುಗಳನ್ನು ಮೆಲ್ಲಗೆ ನಡೆಸಿಕೊಂಡು ಮುಂದೆ ಹೋದ. ಖಾಲಿಯಾದ ಗಾಡಿ ಅವುಗಳ ಹಿಂದೆ ಏರಿತು.

ಇದನ್ನು ಯಾರೋ ಕಾರಿನಲ್ಲಿ ಕುಳಿತವರು ಮೊಬೈಲಿನಲ್ಲಿ ಹಿಡಿದರು. 'ಗಾಡಿ ಮೇಯಿಸುವ ಕುರಿಗಳು' ಎಂದು ಮೇಲೆ ಬರೆದಿದ್ದರು. ನನ್ನ ಗಂಡ ದುಂಡೇಶ ಚಿಕ್ಕೋಡಿಯಲ್ಲಿ ಹಾಲಿನ ಡೇರಿಯಲ್ಲಿದ್ದಾರೆ. ಅವರು ಮನೆಗೆ ಬರುವ ಮೊದಲೇ ವಿಡಿಯೊ ಡೇರಿಗೆ ಬಂದಿತ್ತು.

"ಅಪ್ಪಾ, ಏನ ಇದು?" ಮೊಬೈಲು ಹಿಡಿದು ಕೇಳಿದರು.

"ಕುರಿ."

"ಕುರಿ ಕಾಣಾಕತ್ತಾವ ನನಗ. ಗಾಡಿಗೇನಾಗಿತ್ತು?"

"ದಣದಿತ್ತು."

"ಗಬ್ಬದ ಕುರಿ ರಸ್ತಾದ ಮ್ಯಾಲ ಇಳಸೀದಿ. ಒಂದ ಲಾರಿ ಜರಾ ವಾಲಿದ್ರ ಏನಾಗತಿತ್ತ?"

ಮಾವ ನೀರು ಕುಡಿಯಲು ಒಳಗೆ ಹೋದರು.

ಮರುದಿನ ದುಂಡೇಶ ತಾವೇ ಗಾಡಿ ತೆಗೆದುಕೊಂಡು ಚಿಕ್ಕೋಡಿಯವರೆಗೆ ಹೋಗಿ ಬಂದರು. ಗಾಡಿ ಖಾಲಿ ಇತ್ತು. ಎಲ್ಲಿಯೂ ತಡೆಯಲಿಲ್ಲ. ಅಂಗಳಕ್ಕೆ ಬಂದು ಚಾವಿಯನ್ನು ಪ್ಯಾಂಟಿನ ಕಿಸೆಗೆ ಹಾಕಿಕೊಂಡರು.

"ಗಾಡಿಗೇನೂ ಆಗಿಲ್ಲ. ಬರೋಬ್ಬರಿ ಓಡಾಕತ್ತೈತಿ. ಆಗಿರೂದು ನಿನ್ನ ಕಾಲಿಗಿ. ಎಕ್ಸಲೇಟರ್ ತುಂಬ ತುಳ್ಯಾಕ ನಿನಗ ಆಗವಲ್ದು."

"ತುಳೀತೇನಿ ನಾ."

"ತುಳಿದಿದ್ರ ಗಾಡಿ ಯಾಕ ನಿಂತ್ತ? ಇನ್ನ ಮ್ಯಾಲ ನೀ ಹೊಡ್ಯೂದ ಬ್ಯಾಡಪಾ. ಉಳಿದ ಕುರಿ ಏರಸಾಕ ರೋಹನಗ ಹೇಳ್ತೇನಿ."

ರೋಹನ ನಮ್ಮ ಓಣಿಯ ಡ್ರೈವರ್. ಯಾರ ಗಾಡಿಯಾದರೂ ಓಡಿಸುತ್ತಾನೆ, ಎಲ್ಲರ ಗಾಡಿಗೂ ಹಾರ್ನ್ ಒತ್ತುತ್ತಾನೆ.

ಮಾವ ಬಕೆಟ್ಟಿನಲ್ಲಿ ನೀರು ತಂದು ಗಾಡಿ ತೊಳೆದರು. ಅದು ಹಿಂದಿನ ದಿನವಷ್ಟೇ ತೊಳೆದ ಗಾಡಿ. ಹಿಂಡು ಇಲ್ಲದ ಕುರಿಗಾರ ಅವರು. ಗಾಡಿಯ ಸ್ಟೇರಿಂಗೂ ಹೋದರೆ ಅವರಿಗೆ ಉಳಿಯುವುದು ಪಂಚಾಯಿತಿ ಕಟ್ಟೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂರುವವರನ್ನು ಅವರು ಎಂದೂ ಹೊಗಳಿದ್ದಿಲ್ಲ. ಊಟಕ್ಕೆ ಕರೆದಾಗ ಬಂದು ಕೂತರು, ಒಂದು ರೊಟ್ಟಿ ತಿಂದು ಎದ್ದರು.

ಅತ್ತೆ ದಿನವೂ ಮಾವನನ್ನು ಹಂಗಿಸುವವರು. ಆ ದಿನ ಮಗನ ಕಡೆ ತಿರುಗಿದರು.

"ಲೇ ದುಂಡ್ಯಾ, ಖಾಲಿ ಗಾಡಿ ಓಡಸ್ಕೊಂಡ ಬಂದ ದೊಡ್ಡಸ್ತನಾ ಮಾಡಬ್ಯಾಡ. ನಿಮ್ಮಪ್ಪ ಕುರಿ ತುಂಬಕೊಂಡ ಹೋಗಿದ್ದ. ನೀನೂ ತುಂಬಕೊಂಡ ಏರಸಿ ತೋರ್ಸು, ಆಮ್ಯಾಲ ಕಾಲಿನ ಮಾತ ಆಡು."

ಮಾತು ಸರಿಯಾಗಿತ್ತು. ಹೊಲಕ್ಕೆ ಒಯ್ಯಬೇಕಾದ ಕುರಿಗೊಬ್ಬರದ ಚೀಲಗಳು ಹಿತ್ತಲಲ್ಲಿದ್ದವು. ದುಂಡೇಶ ಅವನ್ನೆಲ್ಲ ಗಾಡಿಗೆ ಹೇರಿಸಿ, ಮಾವನನ್ನು ಪಕ್ಕದಲ್ಲಿ ಕೂಡ್ರಿಸಿಕೊಂಡು ಚಿಕ್ಕೋಡಿ ದಾರಿಯ ಏರಿಗೆ ಹೋದರು. ತಿರುಗಿ ಬಂದಾಗ ಅವರ ಮುಖ ನೋಡಿಯೇ ತಿಳಿಯಿತು. ಅದೇ ಕರಿ ಹೊಗೆ, ಅದೇ ಎರಡನೇ ಗೇರು. ಕಾಲೇಜು ಹುಡುಗಿಯರ ಒಂದು ಸ್ಕೂಟಿ ಇವರನ್ನು ಹಿಂದೆ ಹಾಕಿ ಹೋಗಿತ್ತಂತೆ.

ಮಾವ ಇಳಿದು ಬಂದು ಮಗನ ಮೊಣಕಾಲನ್ನೇ ನೋಡಿದರು.

"ಯಾಕಪಾ, ನಿನಗೂ ಟಗರು ಹಾದಿತ್ತೇನ?"

ಅತ್ತೆ ನಕ್ಕ ನಗೆಗೆ ತೊಟ್ಟಿಲಲ್ಲಿ ಮಲಗಿದ್ದ ಕಾಜಲ ಎದ್ದಳು. ಮತ್ತೆ ಮಲಗಿಸಲು ನನಗೆ ಬಹಳ ಹೊತ್ತು ಹಿಡಿಯಿತು.

ಆದರೆ ಚಾವಿ ಕಿಸೆಯಿಂದ ಹೊರಗೆ ಬರಲಿಲ್ಲ. "ಹಂಗಾರ ಆ ಇಂಟರ್‌ಕೂಲರಿಂದ ದೋಷ. ಅದನ್ನ ಹಾಕಿದ ಮ್ಯಾಲ ಇದೆಲ್ಲಾ ಶುರು ಆಗೈತಿ" ಎಂದರು ದುಂಡೇಶ.

"ಅದರದಲ್ಲ. ಅದು ಬರೋಬ್ಬರಿ ಐತಿ. ಸೀಟಿ ಕೇಳೂದಿಲ್ಲೇನ ನಿನಗ?" ಎಂದರು ಮಾವ.

ಮಾವನ ಪಾಡು ಹೀಗಿತ್ತು. ದೋಷ ಕಾಲಿನದು ಎಂದರೆ ಸ್ಟೇರಿಂಗ್ ಹೋಗುತ್ತದೆ. ಕಾಲಿನದಲ್ಲ ಎನ್ನಬೇಕಾದರೆ ತಾವೇ ಹೊಂದಿಸಿ ಊರಿಗೆಲ್ಲ ಹೇಳಿಕೊಂಡು ತಿರುಗಿದ ಆ ಹೊಸ ಮೂಗಿನದು ಎನ್ನಬೇಕು.

ಮರುದಿನ ಕಾಜಲಳಿಗೆ ಲಸಿಕೆ ಹಾಕಿಸಲು ಚಿಕ್ಕೋಡಿಗೆ ಹೋಗಬೇಕಿತ್ತು. ಗಾಡಿಯನ್ನು ಅಮೋಲನಿಗೆ ತೋರಿಸುವುದೂ ಅದೇ ದಾರಿ ಎಂದು ಎಲ್ಲರೂ ಹೊರಟೆವು. ಅಮೋಲ ನಿಪ್ಪಾಣಿಯವನು, ಚಿಕ್ಕೋಡಿಯಲ್ಲಿ ಗ್ಯಾರೇಜ್ ಇಟ್ಟಿದ್ದಾನೆ. ಅರ್ಧ ಮಾತು ಮರಾಠಿ, ಅರ್ಧ ಕನ್ನಡ. ಲಸಿಕೆ ಮುಗಿಸಿ ನಾವು ಹೋದಾಗ ಅವನು ಚಹಾ ಕುಡಿಯುತ್ತಿದ್ದ. ಅಳುವ ಮಗಳನ್ನು ಹೆಗಲಿಗೆ ಹಾಕಿಕೊಂಡು ನಾನು ಟೈರುಗಳ ಮೇಲೆ ಕುಳಿತೆ.

"ಕಾಯ್ ಝಾಲಂ ಕಾಕಾ? ಏನಾತು, ಹೇಳ್ರಿ."

"ಏರಿಗೆ ಜಗ್ಗವಲ್ದು" ಎಂದರು ಮಾವ.

"ಇತ್ತಿತ್ತಲಾಗ ಗಾಡ್ಯಾಗ ಏನರೆ ಬದಲ ಮಾಡೀರೇನ?"

"ಏನೂ ಇಲ್ಲ."

"ಅಪ್ಪಾ!" ಎಂದರು ದುಂಡೇಶ.

"ಬದಲ ಎಲ್ಲಿ ಮಾಡೇನಿ? ಒಂದ ಸಣ್ಣದಿತ್ತು. ಅದರ ಜಾಗಾಕ ಒಂದ ದೊಡ್ಡದ ಹಾಕೇನಿ."

ಅಮೋಲ ಬಾನೆಟ್ ಎತ್ತಿ ಇಂಟರ್‌ಕೂಲರ್ ನೋಡಿ, "ಅರೆ ವಾ" ಎಂದ. ಆದರೆ ಅದನ್ನು ಮುಟ್ಟಲಿಲ್ಲ. ಮೊದಲು ಅವನಿಗೆ ಗಾಳಿ ಫಿಲ್ಟರಿನ ಮೇಲೆ ಅನುಮಾನ. ಬಿಚ್ಚಿದ, ಝಾಡಿಸಿದ, ಬೆಳಕಿಗೆ ಹಿಡಿದ. ಕುರಿಯ ಉಣ್ಣೆಯ ಎಳೆಗಳು ಸ್ವಲ್ಪ ಇದ್ದವು, ಕಟ್ಟಿಕೊಂಡಿರಲಿಲ್ಲ. ಡೀಸೆಲ್ ಫಿಲ್ಟರ್ ಹೊಸದು ಹಾಕಿದ. ಓಡಿಸಿ ನೋಡಿದ, ಹೊಗೆ ಹಾಗೆಯೇ ಇತ್ತು. ಆಮೇಲೆ, "ಟರ್ಬೊ ಗೇಲಾ ಕಾಕಾ, ಟರ್ಬೊ ಹೋಗೈತಿ. ಈ ಸೀಟಿ ಅದರದ" ಎಂದ.

ಮಾವನಿಗೆ ಸಿಟ್ಟು ಬಂತು. "ಸೀಟಿ ಹೊಡೀತೈತಿ ಅಂದ್ರ ಚೊಲೋ ಐತಿ ಅಂತಲೇ ತಮ್ಮಾ."

ಅಮೋಲ ಟರ್ಬೊದ ಬಾಯಿ ಬಿಚ್ಚಿ ಒಳಗಿನ ಚಕ್ರವನ್ನು ಬೆರಳಿನಿಂದ ಅಲುಗಾಡಿಸಿದ. ಅದು ಅತ್ತಿತ್ತ ಅಲುಗಲಿಲ್ಲ, ಸಲೀಸಾಗಿ ತಿರುಗಿತು. "ಚಾಂಗಲಾ, ಟರ್ಬೊ ಚೊಲೋ ಐತಿ" ಎಂದು ಒಪ್ಪಿಕೊಂಡ. ತಲೆ ಕೆರೆದುಕೊಂಡು, ಟ್ಯೂಬಿನ ವಾಲ್ವ್ ಕೂರಿಸಿದ ಒಂದು ಮುಚ್ಚಳವನ್ನು ತಂದು ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪಿನ ಬಾಯಿಗೆ ಬಿಗಿದ. ಟೈರಿಗೆ ಗಾಳಿ ಹಾಕುವ ಪೈಪನ್ನು ಅದಕ್ಕೆ ಹಚ್ಚಿದ. ಎಂಜಿನ್ ಬಂದ್ ಇತ್ತು. ಟರ್ಬೊದಿಂದ ಎಂಜಿನ್ನಿನವರೆಗೆ ಗಾಳಿ ಹೋಗುವ ದಾರಿಯನ್ನೆಲ್ಲ ಹೀಗೆ ತುಂಬಿಸಿ ಎಲ್ಲಿ ಸೋರುತ್ತದೆ ನೋಡುವುದಂತೆ.

ಗಾಳಿ ತುಂಬಿತು. ಒತ್ತಡ ಏರಿತು. ಬಂದ್ ಆಗಿ ನಿಂತ ಗಾಡಿ ಸೀಟಿ ಹೊಡೆಯಿತು.

ಅದೇ ಸೀಟಿ. ನಿಧಾನದ, ಉದ್ದನೆಯದು. ಅತ್ತು ಸುಸ್ತಾಗಿ ಹೆಗಲ ಮೇಲೆ ಬಿದ್ದಿದ್ದ ಕಾಜಲ ತಲೆ ಎತ್ತಿ ರಸ್ತೆಯ ಕಡೆ ಬೆರಳು ಮಾಡಿ "ಅಜ್ಜಾ" ಎಂದಳು. ಅಜ್ಜ ಅವಳ ಮುಂದೆಯೇ ನಿಂತಿದ್ದರು. ಅವರು ಮೊಮ್ಮಗಳನ್ನು ನೋಡಿದರು, ಗಾಡಿಯನ್ನು ನೋಡಿದರು. ಎಂಜಿನ್ ತಣ್ಣಗಿತ್ತು. ಶಕ್ತಿ ಎನ್ನುವುದು ಅದರಲ್ಲಿ ಆ ಹೊತ್ತಿಗೆ ಏನೂ ಇರಲಿಲ್ಲ, ಸೀಟಿ ಮಾತ್ರ ಇತ್ತು.

ಅಮೋಲ ಸಾಬೂನಿನ ನೀರನ್ನು ಜೋಡಣೆಗಳ ಮೇಲೆ ಸುರಿದ. ಟರ್ಬೊ ಕಡೆಯಿಂದ ಬಂದ ರಬ್ಬರ್ ಹೋಜ್ ಇಂಟರ್‌ಕೂಲರಿಗೆ ಸೇರುವಲ್ಲಿ ಬೊರಬೊರ ಗುಳ್ಳೆ ಎದ್ದವು. ಕ್ಲಿಪ್ಪು ಸಡಿಲಿಸಿ ಹೋಜ್ ಎಳೆದ. ಹೋಜಿನ ಒಳಗೆ ಕರ್ರಗೆ ಸುತ್ತಿಕೊಂಡ ಏನೋ ಒಂದು ಪಟ್ಟಿ ಇತ್ತು. ಎರಡು ಬೆರಳಿನಿಂದ ಎಳೆದು ಹಿಡಿದ. ಎಣ್ಣೆ ಕುಡಿದು, ಬಿಸಿಗೆ ಕಮರಿ ಹೋದದ್ದು.

"ಇದೇನ್ರಿ ಇದು? ಇಲಿದ ಬಾಲ ಏನ?"

ಅಮೋಲ ಅದನ್ನು ತಿರುಗಿಸಿ ತಿರುಗಿಸಿ ನೋಡಿದ.

"ಯಾರ ಹಾಕಿದ್ದು? ಅಂಗಡ್ಯಾಂವ ಹಾಕಿ ಕೊಟ್ಟನೇನ?"

ದುಂಡೇಶ ಅಪ್ಪನ ಕಡೆ ನೋಡಿದರು. ಮಿರಜದ ಅಂಗಡಿಯವನ ಮೇಲೆ ಹಾಕಿಬಿಡಬಹುದಿತ್ತು. ಅವನು ಅಲ್ಲಿರಲಿಲ್ಲ.

"ಅಂವ ಅಲ್ಲ. ನಾನ ಹಾಕಿದ್ದು," ಎಂದರು ಮಾವ. "ಕಂಬಳಿ ಅದು."

"ಕಂಬಳಿ?"

"ಆ ಇಂಟರ್‌ಕೂಲರಿನ ಹೊಟ್ಟಿ ದೊಡ್ಡದಿತ್ತು, ಬಾಯಿ ಸಣ್ಣದಿತ್ತು. ಹೋಜ್ ಸಡ್ಲ ಕುಂದರತಿತ್ತು. ನನ್ನ ಕಂಬಳಿ ಅಂಚ ಕೊಯ್ದು ಸುತ್ತಿ ಬಿಗದ್ನಿ. ಬಿಗಿಯಾತು."

ಅಮೋಲ ನಗುವನ್ನು ತಡೆದು ನೋಡಿದ, ಆಗಲಿಲ್ಲ. "ಕಾಕಾ, ಟರ್ಬೊ ಗಾಳಿ ಅದು! ಕಂಬಳಿ ಏನ ತಡೀತೈತಿ?"

"ಯಾಕ ತಡ್ಯೂದಿಲ್ಲ? ಮಾಘ ಮಾಸದಾಗ ಬಯಲಾಗ ಮಲಗೇನಿ ನಾ. ಹೊತ್ತಗೊಂಡ ಮಲಗಿದ್ರ ಒಂದ ಎಳಿ ಗಾಳಿ ಬಂದಿಲ್ಲ ಒಳಗ."

"ಅದು ಹೊರಗಿಂದ ಒಳಗ ಬರೂ ಗಾಳಿ ಕಾಕಾ. ಇದು ಒಳಗಿಂದ ಹೊರಗ ನುಗ್ಗೂದು."

ಮಾವ ಆ ಪಟ್ಟಿಯನ್ನು ಅಮೋಲನ ಕೈಯಿಂದ ತೆಗೆದುಕೊಂಡು ತಿಕ್ಕಿ ನೋಡಿ, ಕಸದ ಡಬ್ಬಿಗೆ ಹಾಕಿದರು. "ಹಂಗಾರ ಈ ಸೀಟಿ?"

"ಸೀಟಿ ಅಲ್ಲರಿ. ಸೋರೂದು. ಟರ್ಬೊ ಗಾಳಿ ಒತ್ತತೈತಿ, ಅರ್ಧ ಇಲ್ಲೇ ಹೊರಗ ಹೊಂಟೈತಿ. ಎಂಜಿನ್ನಿಗೆ ಗಾಳಿ ಸಾಲೂದಿಲ್ಲ, ಡೀಸೆಲ್ ಪೂರ್ತಿ ಉರಿಯೂದಿಲ್ಲ, ಕರಿ ಹೊಗಿ ಬರ್ತೈತಿ. ಖಾಲಿ ಇದ್ದಾಗ ಗಾಳಿ ಅಷ್ಟ ಬೇಕಾಗೂದಿಲ್ಲ, ಅದಕ ಗೊತ್ತಾಗಿಲ್ಲ. ಲೋಡ್ ಹಾಕಿ ಏರಿಗೆ ಹತ್ತಿದ್ರ ಗೊತ್ತಾಗ್ತೈತಿ."

ಒಂದು ತುದಿ ದೊಡ್ಡದು, ಒಂದು ತುದಿ ಸಣ್ಣದು ಇರುವ ಹೋಜ್ ಬೇಕಿತ್ತು. ಎರಡು ದಿನ ಬಿಟ್ಟು ಅದು ಕೊಲ್ಹಾಪುರದಿಂದ ಬಸ್ಸಿನಲ್ಲಿ ಬಂತು. ಅಮೋಲ ಅದನ್ನು ಅಗಲವಾದ ಕ್ಲಿಪ್ಪುಗಳಿಂದ ಬಿಗಿದು, ಮತ್ತೆ ಗಾಳಿ ತುಂಬಿಸಿ, ಮತ್ತೆ ಸಾಬೂನಿನ ನೀರು ಹಾಕಿ ತೋರಿಸಿದ. ಒಂದು ಗುಳ್ಳೆಯೂ ಬರಲಿಲ್ಲ. ಎಂಜಿನ್ ಚಾಲೂ ಮಾಡಿದ. ಮಾವ ಬಾನೆಟ್ಟಿನ ಮೇಲೆ ಬಾಗಿ ಬಹಳ ಹೊತ್ತು ಕೇಳಿದರು. ಟರ್ಬೊದ ಸಣ್ಣ ಗುಂಯ್ ಎನ್ನುವ ಸದ್ದು ಬಿಟ್ಟರೆ ಏನೂ ಇರಲಿಲ್ಲ.

"ಮೂಗ ಸುಮ್ಮನಾತು" ಎಂದರು.

ದುಂಡೇಶ ಕಿಸೆಯಿಂದ ಚಾವಿ ತೆಗೆದರು. ಕೂಡಲೇ ಕೊಡಲಿಲ್ಲ.

"ಮಲಕಾರಿ ಕಾಕಾನ ಉಳಿದ ಕುರಿ ಏರಸೂದೈತಿ. ನೀನ ಹೊಡಿ. ನಾ ಬಾಜೂಕ ಕುಂದಿರ್ತೇನಿ. ಏರಸಿದೆಂದ್ರ ಚಾವಿ ನಿನ್ನದ. ಮತ್ತ ನಿಂತ್ತಂದ್ರ ರೋಹನಂದ. ಹೌದಿಲ್ಲೋ?"

"ಹೌದು," ಎಂದರು ಮಾವ.

ನಾವು ನಿಪ್ಪಾಣಿಗೆ ಹೋಗುವ ಹೊತ್ತಿಗೆ ಆ ಕುರಿಗಳು ಮರಿ ಹಾಕಿದ್ದವು. ಹಿಂಭಾಗದ ನೂಕುನುಗ್ಗಲಿನಲ್ಲಿ ತುಳಿತಕ್ಕೆ ಸಿಗಬಾರದೆಂದು ಹಸಿ ಮರಿಗಳನ್ನು ಮುಂದೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುವುದು ಪದ್ಧತಿ. ಅದಕ್ಕಾಗಿಯೇ ನನ್ನನ್ನು ಕರೆದುಕೊಂಡು ಹೋಗಿದ್ದರು. ಕಾಜಲಳನ್ನು ಅತ್ತೆಯ ಹತ್ತಿರ ಬಿಟ್ಟಿದ್ದೆ. ಎರಡು ಮರಿ ನನ್ನ ಮಡಿಲಲ್ಲಿ, ಒಂದು ದುಂಡೇಶರ ಮಡಿಲಲ್ಲಿ. ನನ್ನ ಮರಿಗಳಲ್ಲೊಂದು ಸೆರಗಿನ ಅಂಚನ್ನು ಚೀಪುತ್ತಲೇ ನಿದ್ದೆ ಹೋಯಿತು.

ಘಾಟು ಶುರುವಾಯಿತು. ಮಾವ ಮುಂದೆ ಬಾಗಿ ಕುಳಿತಿದ್ದರು. ದುಂಡೇಶ ರಸ್ತೆ ನೋಡಲಿಲ್ಲ, ಅಪ್ಪನ ಕಾಲು ನೋಡುತ್ತಿದ್ದರು. ಹಿಂದಿನ ಸಲ ನಿಂತ ತಿರುವು ಬಂತು. ಗಾಡಿ ಮೂರನೇ ಗೇರಿನಲ್ಲಿತ್ತು. ಕಬ್ಬಿನ ಒಂದು ಟ್ರ್ಯಾಕ್ಟರ್ ಎರಡು ಟ್ರೇಲರ್ ಎಳೆದುಕೊಂಡು ಮುಂದೆ ತೆವಳುತ್ತಿತ್ತು. ಮಾವ ಕನ್ನಡಿ ನೋಡಿ, ಎಕ್ಸಲೇಟರನ್ನು ಪೂರ್ತಿ ತುಳಿದು ಅದನ್ನು ದಾಟಿದರು. ನಾನು ಹೊರಗೆ ಬಾಗಿ ಹಿಂದೆ ನೋಡಿದೆ. ಹೊಗೆ ಇರಲಿಲ್ಲ.

"ಜಗ್ಗಾಕತ್ತೈತಿ," ಎಂದರು ದುಂಡೇಶ.

"ಮಾತಾಡಬ್ಯಾಡ," ಎಂದರು ಮಾವ. ಅವರ ಹಣೆಯಲ್ಲಿ ಬೆವರಿತ್ತು. ಹಾಗೆ ಬೆವರುವಷ್ಟು ಬಿಸಿಲಿರಲಿಲ್ಲ.

ಮೇಲಿನ ಹೊಲದಲ್ಲಿ ಮಲಕಾರಿ ಬೇವಿನ ಗಿಡದ ಕೆಳಗೆ ಈ ಕಡೆಗೆ ಬೆನ್ನು ಮಾಡಿ ಕುಳಿತಿದ್ದ. ಗಾಡಿ ಹತ್ತಿರ ಬಂದು ನಿಂತ ಮೇಲೆ ಗಡಬಡಿಸಿ ಎದ್ದ.

"ಲೇ ನಾಮ್ಯಾ, ಕಳ್ಳರಂಗ ಬಂದೆಲ್ಲೋ! ಸೀಟಿ ಎಲ್ಲಿ ಹೋತು?"

"ಸೋರಾಕತ್ತಿತ್ತು. ಬಂದ್ ಮಾಡಸಿದ್ನಿ."

"ಚೊಲೋ ಇತ್ತಲ್ಲೋ ಅದು, ದೂರಿಂದ ಕೇಳತಿತ್ತು."

"ಕೇಳಾಕ ಚೊಲೋ ಇತ್ತು," ಎಂದರು ಮಾವ.

ಕುರಿಗಳನ್ನು ಇಳಿಸಿದೆವು. ಮಡಿಲಿನ ಮರಿಗಳನ್ನು ತಾಯಂದಿರ ಮೂಗಿಗೆ ಹಿಡಿದು ಒಂದೊಂದಾಗಿ ಕೊಟ್ಟೆವು. ಯಾವ ಮರಿ ಯಾವ ಕುರಿಯದು ಎಂದು ಮಾವ ಯಾರನ್ನೂ ಕೇಳಬೇಕಾಗಲಿಲ್ಲ. ಮಲಕಾರಿ ಮಾಡಿದ ಚಹಾ ಕುಡಿದೆವು. ದುಂಡೇಶ ಮಲಕಾರಿಯ ಮುಂದೆಯೇ, "ಚಾವಿ ಇನ್ನ ನಿನ್ನದಪಾ. ನಾ ಕೇಳೂದಿಲ್ಲ" ಎಂದರು.

ಮಾವ ತಲೆಯಾಡಿಸಿದರು. ಎದ್ದು ಗಾಡಿಯ ಸುತ್ತ ಒಂದು ಸಲ ತಿರುಗಿದರು. ಸಪಾಟು ನೆಲದ ಮೇಲೂ ಅವರ ಬಲಗಾಲು ಎಳೆಯುತ್ತಿದ್ದದ್ದು ಆಗ ಚೆನ್ನಾಗಿ ಕಾಣುತ್ತಿತ್ತು. ಡ್ರೈವರ್ ಬಾಗಿಲ ಹತ್ತಿರ ಬಂದು ಅದನ್ನು ತೆರೆದರು, ಹತ್ತಲಿಲ್ಲ. ಚಾವಿಯನ್ನು ಮಗನ ಕಡೆ ಚಾಚಿದರು.

"ಇಳಿಯೂದು ನೀ ಇಳಸು."

ದುಂಡೇಶರಿಗೆ ಅರ್ಥವಾಗಲಿಲ್ಲ. "ಯಾಕ? ಏರಸೀದೆಲ್ಲಾ. ಗಾಡಿ ಬರೋಬ್ಬರಿ ಐತೆಲ್ಲಾ."

"ಗಾಡಿ ಬರೋಬ್ಬರಿ ಐತಿ," ಎಂದರು ಮಾವ. "ಏರಿಗೆ ಕಾಲ ಇಟ್ಟಲ್ಲೆ ಇಟ್ಟ ಕುಂದ್ರೂದು, ಅದು ಆಗ್ತೈತಿ ನನಗ. ಇಳಕಲಕ ಬ್ರೇಕ ತುಳದ ತುಳದ ಬಿಡಬೇಕು. ಆ ತಿರುವಿನ್ಯಾಗ ಮೊಣಕಾಲ ಹಿಡದ್ರ ಮೂರ ಮಂದಿ ಇದ್ದೇವಿ."

ದುಂಡೇಶ ಚಾವಿ ತೆಗೆದುಕೊಂಡರು. ಮಾವ ಆ ಕಡೆಯ ಬಾಗಿಲಿನಿಂದ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು.

ಇಳಿಯುವಾಗ ಅವರ ಕಾಲು ಗಾಡಿಯ ನೆಲವನ್ನು ತುಳಿಯುತ್ತಲೇ ಇತ್ತು. ಬಾಯಿಯೂ ಸುಮ್ಮನಿರಲಿಲ್ಲ.

"ಬರೇ ಬ್ರೇಕಿನ ಮ್ಯಾಲ ಬಿಡಬ್ಯಾಡ. ಎರಡನೇ ಗೇರಿಗೆ ಹಾಕು."

"ಹಾಕೇನಿ."

"ಲಾರಿ ಬಾಜೂಕ ಹೋಗಬ್ಯಾಡ."

"ಹೋಗಿಲ್ಲಪಾ."

"ಹಾರ್ನ್ ಯಾಕ ಹೊಡದಿ?"

"ಅಪ್ಪಾ, ಹಿಂದ ಕುರಿ ಇಲ್ಲ!"

"ಇಲ್ಲಂದ್ರೂ."

ಘಾಟು ಮುಗಿದು ನಿಪ್ಪಾಣಿಯ ಮನೆಗಳು ಕಂಡವು, ರಸ್ತೆ ಸಪಾಟಾಯಿತು. ಒಂದು ಪಂಪಿನ ಹತ್ತಿರ ದುಂಡೇಶ ಗಾಡಿಯನ್ನು ಬದಿಗೆ ನಿಲ್ಲಿಸಿದರು. ಡೀಸೆಲ್ ಹಾಕಿಸಲು ಎಂದುಕೊಂಡೆ. ಅವರು ಚಾವಿಯನ್ನು ಗಾಡಿಯಲ್ಲೇ ಬಿಟ್ಟು ಇಳಿದು, ಮುಂದಿನಿಂದ ಸುತ್ತಿ ಬಂದು ಅಪ್ಪನ ಬಾಗಿಲು ತೆರೆದು ನಿಂತರು.

"ಇಳೀಪಾ. ಇಲ್ಲಿಂದ ಸಪಾಟ ಐತಿ."

ಮಾವ ಇಳಿದರು. ಕಾಲೆಳೆಯುತ್ತ ಆ ಕಡೆಗೆ ಹೋಗಿ, ಸೀಟನ್ನು ತಮಗೆ ಬೇಕಾದಷ್ಟು ಮುಂದೆ ಎಳೆದುಕೊಂಡು ಕುಳಿತರು. ಅಲ್ಲಿಂದ ಕಬ್ಬೂರಿನವರೆಗೆ ಗಾಡಿ ಅವರೇ ಹೊಡೆದರು.